ಬೇಸ್‌ಮೆಂಟಿನಲ್ಲಿ ಬ್ಯಾಡಗಿ

ಅಮೆರಿಕದ ಉತ್ತರದ ಮಿನಿಯಾಪೊಲಿಸ್‌ನಲ್ಲಿ ಮೆಣಸಿನ ಗಿಡಕ್ಕೆ ಹೊರಗೆ ಸಿಗುವುದು ಹೆಚ್ಚೆಂದರೆ ನಾಲ್ಕು ತಿಂಗಳು. ಮೇ ಮಧ್ಯದವರೆಗೂ ರಾತ್ರಿ ಹಿಮ ಬೀಳುವ ಭಯ ಇರುತ್ತದೆ. ಮೇ ಕೊನೆಯ ಮೆಮೋರಿಯಲ್ ಡೇ ರಜೆ ಮುಗಿಯುವ ತನಕ ಮೆಣಸು, ಬದನೆ ಹೊರಗಿಡಬೇಡಿ ಅಂತ ಇಲ್ಲಿನ ಹಳಬರು ಹೇಳುತ್ತಾರೆ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಶುರುವಿನಲ್ಲಿ ಒಂದೇ ರಾತ್ರಿ ಮತ್ತೆ ಹಿಮ ಬಿದ್ದು ಇಡೀ ತೋಟ ಕಪ್ಪಾಗುತ್ತದೆ.

ನನಗೆ ಬೇಕಾಗಿದ್ದು ಹಸಿ ಕೆಂಪು ಬ್ಯಾಡಗಿ. ಒಣ ಬ್ಯಾಡಗಿ ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತದೆ. ಆದರೆ ಕೆಂಪು ಮೆಣಸಿನಕಾಯಿಯ ಚಟ್ನಿಯಾದ ರಂಜಕ ಅರೆಯೋಕೆ ಗಿಡದಲ್ಲೇ ಕೆಂಪಾದ, ಒಳಗಿನ ರಸ ಇನ್ನೂ ಆರದ ಕಾಯಿ ಬೇಕು. ಹುಬ್ಬಳ್ಳಿ, ಹಾವೇರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಬೆಳೆದುಕೊಳ್ಳಬೇಕು. ಹಸಿರು ಕಾಯಿ ಬೇಕಿದ್ದರೆ ಜೂನ್‌ನಲ್ಲಿ ನರ್ಸರಿ ಸಸಿ ತಂದು ನೆಟ್ಟರೂ ಸಾಕು. ಕಾಯಿ ಕೆಂಪಾಗಬೇಕು ಅಂದರೆ ಹೊರಗೆ ಹೋಗುವಷ್ಟರಲ್ಲಿ ಗಿಡ ಗಟ್ಟಿಯಾಗಿ ಮೊಗ್ಗಿಗೆ ಬಂದಿರಬೇಕು. ಹಾಗಾಗಿ ಬೀಜ ಹಾಕುವುದು ಫೆಬ್ರವರಿಯಲ್ಲಿ, ಮನೆಯೊಳಗೆ. ಹಬನೇರೋ, ಭೂತ್ ಜೊಲೊಕಿಯಾ ಥರದ ಕ್ಯಾಪ್ಸಿಕಂ ಚೈನೆನ್ಸ್ ಜಾತಿಯವಾದರೆ ಜನವರಿಯಲ್ಲೇ. ಅವು ಮೊಳಕೆ ಒಡೆಯೋಕೇ ಎರಡು ಮೂರು ವಾರ ತಗೊಳ್ಳುತ್ತವೆ, ಆಮೇಲೆ ಬೆಳೆಯುವುದೂ ನಿಧಾನ.

ಬೀಜವನ್ನು ಊರಿಂದ ತರಲಿಲ್ಲ. ಅಮೆರಿಕಕ್ಕೆ ಬಿತ್ತನೆ ಬೀಜ ತರೋಕೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಅಜ್ಜನ ಹೊಲದ್ದು ಅಂದರೂ ಕಸ್ಟಮ್ಸ್‌ನವರು ಕೇಳುವುದಿಲ್ಲ. ಇಲ್ಲಿಯೇ ಮೆಣಸಿನ ಬೀಜ ಮಾರುವ ಸಣ್ಣ ವ್ಯಾಪಾರಿಯೊಬ್ಬರ ಹತ್ತಿರ ಬ್ಯಾಡಗಿ ಹೆಸರಿನ ಪೊಟ್ಟಣ ಸಿಕ್ಕಿತು. ಬ್ಯಾಡಗಿಯ ಎರಡು ಬಗೆಗಳಲ್ಲಿ ಇದು ಡಬ್ಬಿಯೋ ಕಡ್ಡಿಯೋ ಅಂತ ಅದರ ಮೇಲೆ ಬರೆದಿರಲಿಲ್ಲ. 2011ರಲ್ಲಿ ಜಿಐ ಟ್ಯಾಗ್ ಪಡೆದ ಮೆಣಸಿನಕಾಯಿಗೆ ಇಷ್ಟು ಮರ್ಯಾದೆಯೂ ಬೇಡವಾ ಅಂತ ಸಣ್ಣ ಬೇಜಾರಾಯಿತು, ಅಷ್ಟೇ. ಜೊತೆಗೆ ಹಬನೇರೋ ಮತ್ತು ಭೂತ್ ಜೊಲೊಕಿಯಾ ಬೀಜ ತರಿಸಿದೆ. ಜೊಲೊಕಿಯಾ ಶೋಕಿಗೆ. 2007ರಲ್ಲಿ ಗಿನ್ನೆಸ್ ಪುಸ್ತಕಕ್ಕೆ ಸೇರಿದ, ಖಾರದ ಅಳತೆಯಲ್ಲಿ ಹತ್ತು ಲಕ್ಷ ಸ್ಕೋವಿಲ್ ದಾಟಿದ ಕಾಯಿಯನ್ನು ತಿನ್ನೋಕಂತೂ ಬೆಳೆಯಲಿಲ್ಲ.

ಇನ್ನು ಉಳಿದಿದ್ದು ಬೆಳಕು.

ಮೊದಲು ಕಿಟಕಿಯನ್ನೇ ಪರೀಕ್ಷೆ ಮಾಡಿದೆ. ದಕ್ಷಿಣಕ್ಕೆ ದೊಡ್ಡ ಕಿಟಕಿ ಇದೆ, ಸುಮ್ನೆ ಯಾಕೆ ದುಡ್ಡು ಹಾಕೋದು ಅಲ್ವಾ. ಬೆಳಕು ಅಳೆಯುವ ಕಡಿಮೆ ಬೆಲೆಯ ಲಕ್ಸ್ ಮೀಟರ್ ಒಂದನ್ನು ತಂದು ಕಿಟಕಿಯ ಹಲಗೆ ಮೇಲಿಟ್ಟು ಜನವರಿಯಲ್ಲಿ ಆಗಾಗ ನೋಡಿದೆ. ಬಿಸಿಲು ನೇರ ಬಿದ್ದಾಗ ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು, 25 ಸಾವಿರ ಲಕ್ಸ್ ಆಸುಪಾಸು. ಆದರೆ ಅದು ನಡು ಮಧ್ಯಾಹ್ನದ ಒಂದೆರಡು ಗಂಟೆ ಮಾತ್ರ. ಪಕ್ಕದ ಮನೆಯ ಮಾಡು ಅಡ್ಡ ಬಂದ ಕೂಡಲೇ ಬಿದ್ದುಹೋಗುತ್ತಿತ್ತು. ಮೋಡದ ದಿನ ಇಡೀ ದಿನ ಎರಡು ಸಾವಿರ ದಾಟುತ್ತಿರಲಿಲ್ಲ. ಇಲ್ಲಿ ಡಿಸೆಂಬರಿನ ಹಗಲು ಒಂಬತ್ತು ಗಂಟೆಗೂ ಕಡಿಮೆ. ಜೊತೆಗೆ ರಾತ್ರಿ ಗಾಜಿನ ಪಕ್ಕ ಕೈ ಇಟ್ಟರೆ ತಣ್ಣಗೆ ಕೊರೆಯುತ್ತದೆ. ಮೆಣಸಿನ ಬೀಜ ಮೊಳೆಯೋಕೆ 25ರಿಂದ 30 ಡಿಗ್ರಿ ಮಣ್ಣಿನ ಬಿಸಿ ಬೇಕು. ಕಿಟಕಿ ಆಗುವುದಿಲ್ಲ, ದೀಪವೇ ಹಾಕಬೇಕು ಅಂತ ತೀರ್ಮಾನಿಸಿ ಬೇಸ್‌ಮೆಂಟಿನ ಕಬ್ಬಿಣದ ರ‍್ಯಾಕ್ ಖಾಲಿ ಮಾಡಿದೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳು ನಕ್ಕಳು. "ಬಿಸಲನ್ನೂ ರೊಕ್ಕಾ ಕೊಟ್ಟ ತಗೋತೀಯೇನೋ?" ಹೌದು ಅಂದೆ.

ಎಷ್ಟು ಬಿಸಿಲು, ಎಷ್ಟು ರೊಕ್ಕ ಅನ್ನುವುದೇ ಈ ವ್ಯವಹಾರದ ಪೂರ್ತಿ ಲೆಕ್ಕ. ದೀಪ ಹುಡುಕೋಕೆ ಕೂತರೆ ಡಬ್ಬಿಗಳ ಮೇಲೆ ಎಲ್ಲವೂ ಇರುತ್ತದೆ, ಇದೊಂದು ಬಿಟ್ಟು. ಒಬ್ಬ 1000 ವ್ಯಾಟ್ ಅನ್ನುತ್ತಾನೆ, ಇನ್ನೊಬ್ಬ ಲ್ಯೂಮೆನ್ ಹೇಳುತ್ತಾನೆ, ಮತ್ತೊಬ್ಬ "ಪೂರ್ಣ ವರ್ಣಪಟಲ, ಸೂರ್ಯನ ಬೆಳಕಿನಂತೆಯೇ" ಅನ್ನುತ್ತಾನೆ. ಲ್ಯೂಮೆನ್ ಅನ್ನುವುದು ಮನುಷ್ಯರ ಕಣ್ಣಿನ ಅಳತೆ. ನಮ್ಮ ಕಣ್ಣಿಗೆ ಹಸಿರು ಬಣ್ಣದ ಬೆಳಕು ಎಲ್ಲಕ್ಕಿಂತ ಪ್ರಖರವಾಗಿ ಕಾಣುತ್ತದೆ, ಅದರ ಮೇಲೇ ಆ ಲೆಕ್ಕ ನಿಂತಿದೆ. ಗಿಡ ನೋಡುವುದಿಲ್ಲ. 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಒಳಗಿನ ಬೆಳಕಿನ ಕಣಗಳು, ಅಂದರೆ ಫೋಟಾನ್‌ಗಳು ಎಷ್ಟು ಬಂದು ಬೀಳುತ್ತವೆ ಅನ್ನುವುದಷ್ಟೇ ಅದಕ್ಕೆ ಮುಖ್ಯ. ಹಾಗಾಗಿ ಗಿಡದ ಬೆಳಕಿಗೆ ಬೇರೆಯೇ ಅಳತೆ ಇದೆ. ಮೋಲ್ ಅಂದರೆ ಡಜನ್ ಥರ ಎಣಿಕೆಯ ಲೆಕ್ಕ, ಅದರ ಹತ್ತು ಲಕ್ಷದಲ್ಲೊಂದು ಪಾಲು ಮೈಕ್ರೋಮೋಲ್. ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಎಷ್ಟು ಮೈಕ್ರೋಮೋಲ್ ಫೋಟಾನ್ ಬೀಳುತ್ತದೆ ಅನ್ನುವುದು ಪಿಪಿಎಫ್‌ಡಿ. ಇಡೀ ದಿನಕ್ಕೆ ಒಟ್ಟು ಎಷ್ಟು ಮೋಲ್ ಬಿತ್ತು ಅನ್ನುವುದು ಡಿಎಲ್‌ಐ.

ನಮ್ಮವರಿಗೆ ಇದು ಕಷ್ಟದ ವಿಷಯವೇ ಅಲ್ಲ. ಮಳೆ ಎಷ್ಟು ಜೋರಾಗಿ ಬರುತ್ತಿದೆ ಅನ್ನುವುದು ಪಿಪಿಎಫ್‌ಡಿ. ಬೆಳಗ್ಗೆ ಎದ್ದು ಮಳೆಮಾಪಕ ನೋಡಿದಾಗ ಎಷ್ಟು ಮಿಲಿಮೀಟರ್ ನಿಂತಿದೆ ಅನ್ನುವುದು ಡಿಎಲ್‌ಐ. ಅರ್ಧ ಗಂಟೆಯ ಬಿರುಮಳೆಗಿಂತ ಇಡೀ ರಾತ್ರಿಯ ಜಿಟಿಜಿಟಿ ಮಳೆ ಕೆಲವು ಸಲ ಹೊಲಕ್ಕೆ ಹೆಚ್ಚು ನೀರು ಕೊಟ್ಟಿರುತ್ತದೆ.

ಬಯಲಿನಲ್ಲಿ ನಡು ಮಧ್ಯಾಹ್ನದ ಬಿಸಿಲು ಸುಮಾರು 2000 ಮೈಕ್ರೋಮೋಲ್. ಹಾವೇರಿ ಕಡೆಯ ಹೊಲದಲ್ಲಿ ಮೋಡವಿಲ್ಲದ ದಿನ ಒಟ್ಟು 40 ಮೋಲ್ ದಾಟುತ್ತದೆ. ಇಲ್ಲಿ ಡಿಸೆಂಬರಿನಲ್ಲಿ ಬಯಲಿನಲ್ಲೇ 10 ಮೋಲ್ ಆಸುಪಾಸು, ಗಾಜಿನ ಒಳಗೆ ಬರುವುದು ಅದರಲ್ಲೊಂದು ಪಾಲು. ಬೇಸ್‌ಮೆಂಟಿನಲ್ಲಿ 2000 ಮೈಕ್ರೋಮೋಲ್ ಕೊಡೋಕೆ ಹೋಗುವುದು ಹುಚ್ಚುತನ. ಆದರೆ ಸೂರ್ಯನಿಗಿಲ್ಲದ ಒಂದು ಅನುಕೂಲ ದೀಪಕ್ಕಿದೆ. ಅದನ್ನು ಹದಿನಾರು ಗಂಟೆ ಒಂದೇ ಸಮ ಉರಿಸಬಹುದು. ಲೆಕ್ಕ ಸುಲಭ: ಪಿಪಿಎಫ್‌ಡಿಯನ್ನು ಗಂಟೆಗಳಿಂದ ಗುಣಿಸಿ, ಬಂದಿದ್ದನ್ನು 0.0036ರಿಂದ ಗುಣಿಸಬೇಕು. 200 ಮೈಕ್ರೋಮೋಲ್ 16 ಗಂಟೆ ಉರಿದರೆ 11.5 ಮೋಲ್. 400 ಆದರೆ 23 ಮೋಲ್.

ಮೆಣಸಿನ ಸಸಿಗೆ ದಿನಕ್ಕೆ 10ರಿಂದ 12 ಮೋಲ್ ಸಿಕ್ಕರೆ ಗುಂಡಗೆ, ಗಟ್ಟಿಯಾಗಿ ಬೆಳೆಯುತ್ತದೆ. ಹೂ ಬಿಟ್ಟು ಕಾಯಿ ಕಟ್ಟಬೇಕಾದರೆ 20ಕ್ಕಿಂತ ಮೇಲೆ ಬೇಕು. ಎರಡೂ ಬೇರೆ ಬೇರೆ ಕೆಲಸ. ದೀಪ ಕೊಳ್ಳುವ ಮೊದಲು ಯಾವ ಕೆಲಸಕ್ಕೆ ಅಂತ ನಿರ್ಧಾರ ಮಾಡಿಕೊಂಡರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಮೇ ತನಕ ಸಸಿ ಕಾಪಾಡಿದರೆ ಸಾಕಾ, ಅಥವಾ ಒಳಗೇ ಕಾಯಿ ಕೀಳಬೇಕಾ? ನನಗೆ ಹೆಚ್ಚಿನ ಪಾಲು ಮೊದಲನೆಯದು. ಎರಡನೆಯದು ಒಂದೆರಡು ಗಿಡಕ್ಕೆ ಮಾತ್ರ, ಚಳಿಗಾಲದಲ್ಲಿ ಒಗ್ಗರಣೆಗೆ ನಾಲ್ಕು ಕಾಯಿ ಸಿಗಲಿ ಅಂತ.

ಇಷ್ಟು ಗೊತ್ತಾದ ಮೇಲೆ ಬಣ್ಣದ ವಿಚಾರ. ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಕಾಣುವುದು ನೇರಳೆ ದೀಪಗಳು. ಕೆಂಪು ಮತ್ತು ನೀಲಿ ಎಲ್‌ಇಡಿ ಮಾತ್ರ ಇರುವಂಥವು. ಎಲೆಯ ಹಸಿರಿನ ಅಂಶವಾದ ಕ್ಲೋರೋಫಿಲ್ ಕೆಂಪನ್ನೂ ನೀಲಿಯನ್ನೂ ಹೆಚ್ಚು ಹೀರುತ್ತದೆ, ಹಸಿರು ಬೆಳಕು ವ್ಯರ್ಥ ಅನ್ನುವುದು ಅದರ ಹಿಂದಿನ ವಾದ. ಕ್ಲೋರೋಫಿಲ್ಲನ್ನು ಎಲೆಯಿಂದ ತೆಗೆದು ಬಾಟಲಿಯಲ್ಲಿಟ್ಟು ನೋಡಿದರೆ ಅದು ನಿಜ. ಆದರೆ ಕೀತ್ ಮೆಕ್‌ಕ್ರೀ ಅನ್ನುವ ವಿಜ್ಞಾನಿ ಜೀವಂತ ಎಲೆಗಳ ಮೇಲೆಯೇ ಅಳತೆ ಮಾಡಿ 1972ರಲ್ಲಿ ಪ್ರಕಟಿಸಿದ್ದರು. ಇಪ್ಪತ್ತೆರಡು ಜಾತಿಯ ಬೆಳೆಗಳನ್ನು ನೋಡಿದ್ದರು. ಹಸಿರು ಬೆಳಕನ್ನೂ ಗಿಡಗಳು ಚೆನ್ನಾಗಿಯೇ ಬಳಸಿಕೊಳ್ಳುತ್ತವೆ ಅನ್ನುವುದು ಅಲ್ಲಿ ಸ್ಪಷ್ಟವಾಗಿದೆ. ಕೆಂಪು, ನೀಲಿ ಎಲೆಯ ಮೇಲ್ಪದರದಲ್ಲೇ ನಿಲ್ಲುತ್ತವೆ, ಹಸಿರು ಇನ್ನೂ ಒಳಕ್ಕೆ ಇಳಿಯುತ್ತದೆ. ಐವತ್ತು ವರ್ಷ ಹಳೆಯ ಈ ವಿಷಯ ನೇರಳೆ ದೀಪದ ಡಬ್ಬಿಯ ಮೇಲೆ ಇರುವುದಿಲ್ಲ ಬಿಡಿ.

ನನಗೆ ಅದಕ್ಕಿಂತ ದೊಡ್ಡ ತಕರಾರು ಇನ್ನೊಂದು. ನೇರಳೆ ಬೆಳಕಿನಲ್ಲಿ ಗಿಡದ ಬಣ್ಣವೇ ಗೊತ್ತಾಗುವುದಿಲ್ಲ. ಎಲೆ ಹಳದಿಯಾಯಿತಾ, ಕುಡಿಯಲ್ಲಿ ಹೇನು ಕೂತಿದೆಯಾ, ನೀರು ಜಾಸ್ತಿಯಾಯಿತಾ, ಯಾವುದೂ ಕಾಣುವುದಿಲ್ಲ. ದಿನಾ ನೋಡಬೇಕಾದ ಗಿಡವನ್ನು ಕಪ್ಪು ಮುದ್ದೆಯಾಗಿ ನೋಡುವುದು ನನ್ನಿಂದಾಗದು. ಬಿಳಿ ಎಲ್‌ಇಡಿ ಸಾಕು. ಬಿಳಿ ಎಲ್‌ಇಡಿ ಅಂದರೆ ಒಳಗೆ ನೀಲಿ ಎಲ್‌ಇಡಿಯೇ, ಮೇಲೆ ಫಾಸ್ಫರ್ ಲೇಪ. ಆ ನೀಲಿ ಎಲ್‌ಇಡಿಗೇ 2014ರ ಭೌತಶಾಸ್ತ್ರದ ನೊಬೆಲ್ ಸಿಕ್ಕಿದ್ದು. ನೀಲಿ ಅಂಶ ಇದ್ದೇ ಇರುವುದರಿಂದ ಸಸಿ ಗಿಡ್ಡಗೆ ನಿಲ್ಲುತ್ತದೆ. ಬಿಳಿಯ ಛಾಯೆಯನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ, ಸಂಖ್ಯೆ ಏರಿದಷ್ಟೂ ನೀಲಿ ಜಾಸ್ತಿ. 4000ರಿಂದ 5000 ಕೆಲ್ವಿನ್ ಬಿಳಿ ಸಸಿಗೆ ಸರಿಹೋಗುತ್ತದೆ. ಕಾಯಿ ಬಿಡುವ ಗಿಡಕ್ಕೆ 3000ರಿಂದ 3500 ಕೆಲ್ವಿನ್ ಬಿಳಿಯ ಜೊತೆ ಒಂದಿಷ್ಟು 660 ನ್ಯಾನೋಮೀಟರಿನ ಕಡುಗೆಂಪು ಸೇರಿಸಿರುವ, ಚಪ್ಪಟೆ ಹಲಗೆಯಂಥ ಎಲ್‌ಇಡಿ ಬೋರ್ಡುಗಳು ಸಿಗುತ್ತವೆ. ಬಣ್ಣದ ಬಗ್ಗೆ ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ವ್ಯಾಟ್ ಲೆಕ್ಕ ಹೇಗೆ ಆಟ ಆಡಿಸುತ್ತದೆ ಅಂತ ಗೆಳೆಯನ ಮನೆಯಲ್ಲಿ ಕಣ್ಣಾರೆ ನೋಡಿದೆ. ಅವನ ಹತ್ತಿರ ಡಬ್ಬಿ ಮೇಲೆ ದೊಡ್ಡದಾಗಿ 1000 ಅಂತ ಬರೆದಿದ್ದ ದೀಪ ಇತ್ತು. ಗೋಡೆಯ ಸಾಕೆಟ್ಟಿಗೆ ಪ್ಲಗ್ ಮೀಟರ್ ಸಿಕ್ಕಿಸಿ ಅದರ ಮೂಲಕ ದೀಪ ಹಚ್ಚಿದೆವು. ಫ್ಯಾನ್ ಜೋರಾಗಿ ಕೂಗಿತು. ಮೀಟರ್ ಪರದೆ 60, 80 ಅಂತ ಏರಿ 104ರ ಹತ್ತಿರ ನಿಂತಿತು. ಇನ್ನೂ ಏರಬಹುದು ಅಂತ ಅವನು ಕಾದ. ಏರಲಿಲ್ಲ. ಡಬ್ಬಿ ತಿರುಗಿಸಿ ನೋಡಿದರೆ ತಳದಲ್ಲಿ ಇರುವೆ ಅಕ್ಷರದಲ್ಲಿ "ನಿಜವಾದ ಬಳಕೆ 110 ವ್ಯಾಟ್" ಅಂತ ಇತ್ತು. ಸುಳ್ಳು ಹೇಳಿದ್ದಾರೆ ಅನ್ನೋಕೂ ಆಗುವುದಿಲ್ಲ. 1000 ಅನ್ನುವುದು ಹಳೆಯ ಕಾಲದ ಯಾವುದೋ ಬಲ್ಬಿಗೆ ಸಮ ಅನ್ನುವ ಅರ್ಥದಲ್ಲಿ ಹಾಕಿದ್ದಂತೆ.

ಹಾಗಾಗಿ ನಾನು ಡಬ್ಬಿಯ ಮುಖ ನೋಡುವುದು ಬಿಟ್ಟು ಮೂರೇ ಪ್ರಶ್ನೆ ಇಟ್ಟುಕೊಂಡೆ. ಗೋಡೆಯಿಂದ ನಿಜವಾಗಿ ಎಷ್ಟು ವ್ಯಾಟ್ ಎಳೆಯುತ್ತದೆ? ಒಂದು ಜೂಲ್ ವಿದ್ಯುತ್ತಿಗೆ ಎಷ್ಟು ಮೈಕ್ರೋಮೋಲ್ ಬೆಳಕು ಕೊಡುತ್ತದೆ? ಯಾವ ಎತ್ತರದಲ್ಲಿ ತೂಗಿಸಿದರೆ ನಡುವೆ ಎಷ್ಟು, ಮೂಲೆಯಲ್ಲಿ ಎಷ್ಟು ಬೀಳುತ್ತದೆ ಅಂತ ನಕ್ಷೆ ಕೊಟ್ಟಿದ್ದಾರಾ? ಮೂರಕ್ಕೂ ಉತ್ತರ ಇಲ್ಲದ ದೀಪವನ್ನು ಎಷ್ಟೇ ಸೋವಿಯಾದರೂ ಪಟ್ಟಿಯಿಂದ ಹೊಡೆದು ಹಾಕಿದೆ. ಪಟ್ಟಿ ಬೇಗ ಚಿಕ್ಕದಾಯಿತು.

ಎರಡನೇ ಪ್ರಶ್ನೆಯ ಉತ್ತರವೇ ದೀಪದ ಗುಣ. ಟ್ಯೂಬ್‌ಲೈಟ್ ಜಾತಿಯ ಟಿ5ಗಳು ಒಂದು ಜೂಲಿಗೆ ಹೆಚ್ಚೂ ಕಡಿಮೆ 1 ಮೈಕ್ರೋಮೋಲ್ ಕೊಡುತ್ತವೆ. ದೊಡ್ಡ ಹಸಿರುಮನೆಗಳ ಹಳದಿ ಸೋಡಿಯಂ ದೀಪಗಳಲ್ಲಿ ಒಳ್ಳೆಯವು 1.7ರವರೆಗೆ. ಈಗಿನ ಒಳ್ಳೆಯ ಬಿಳಿ ಎಲ್‌ಇಡಿ ಬೋರ್ಡುಗಳು 2.5 ದಾಟುತ್ತವೆ. ಡಿಸೈನ್‌ಲೈಟ್ಸ್ ಕನ್ಸಾರ್ಷಿಯಂ ಅನ್ನುವ ಸಂಸ್ಥೆ ಕೃಷಿ ದೀಪಗಳ ಪಟ್ಟಿ ಇಟ್ಟಿದೆ. 2023ರ ನಿಯಮದ ಪ್ರಕಾರ ಅದಕ್ಕೆ ಸೇರಲು ಕನಿಷ್ಠ 2.3 ಬೇಕಿತ್ತು. ಮನೆ ಬಳಕೆಯ ಸಣ್ಣ ದೀಪಗಳು ಅಲ್ಲಿ ಹೆಚ್ಚು ಇರುವುದಿಲ್ಲ, ಆದರೂ ಆ 2.3 ಅನ್ನುವುದು ತಲೆಯಲ್ಲಿ ಇಟ್ಟುಕೊಳ್ಳೋಕೆ ಒಳ್ಳೆಯ ಗೆರೆ. ಸೋಡಿಯಂ ದೀಪವನ್ನು ನಾನು ಗಂಭೀರವಾಗಿ ಯೋಚಿಸಲೇ ಇಲ್ಲ. ಆ ಕಾವು, ಅದರ ಭಾರದ ಬ್ಯಾಲಸ್ಟ್ (ಚೋಕ್), ತಗ್ಗು ಮಾಡಿನ ಬೇಸ್‌ಮೆಂಟ್, ಮೂರೂ ಕೂಡುವುದಿಲ್ಲ. ಟ್ಯೂಬುಗಳಲ್ಲಿ ಪಾದರಸ ಇರುತ್ತದೆ, ಹಳತಾದಂತೆ ಮಂಕಾಗುತ್ತವೆ. ಮನೆಯಲ್ಲಿ ಮೊದಲೇ ಇದ್ದರೆ ಬಳಸಿ, ಹೊಸದಾಗಿ ಕೊಳ್ಳೋಕೆ ಕಾರಣ ಕಾಣಲಿಲ್ಲ.

ಇನ್ನು ನನ್ನ ರ‍್ಯಾಕಿನ ಲೆಕ್ಕ. ಒಂದು ಅಟ್ಟಣೆ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ. ಅಂದರೆ 0.56 ಚದರ ಮೀಟರ್. ಸಸಿಗೆ 200 ಮೈಕ್ರೋಮೋಲ್ ಬೇಕು ಅಂದರೆ ಅಟ್ಟಣೆಗೆ ಒಟ್ಟು 112 ಮೈಕ್ರೋಮೋಲ್ ಬೀಳಬೇಕು. ಅಕ್ಕಪಕ್ಕ ಚೆಲ್ಲಿಹೋಗುವುದು ಸುಮಾರು ಮೂವತ್ತು ಶೇಕಡಾ ಅಂತ ಹಿಡಿದರೆ ದೀಪದಿಂದ 160 ಹೊರಡಬೇಕು. ಈಗ ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ಯಾರೇಜಿಗೆ ಅಂತ ಮಾರುವ ನಾಲ್ಕು ಅಡಿಯ ಸಾದಾ ಎಲ್‌ಇಡಿ ಶಾಪ್‌ಲೈಟ್ ತಗೊಳ್ಳಿ. 40 ವ್ಯಾಟ್, 5000 ಲ್ಯೂಮೆನ್, 5000 ಕೆಲ್ವಿನ್. ಬಿಳಿ ಎಲ್‌ಇಡಿಯಲ್ಲಿ ಸರಿಸುಮಾರು 67 ಲಕ್ಸ್ ಅಂದರೆ ಒಂದು ಮೈಕ್ರೋಮೋಲ್. ಲಕ್ಸ್ ಅಂದರೆ ಒಂದು ಚದರ ಮೀಟರಿಗೆ ಬೀಳುವ ಲ್ಯೂಮೆನ್. ಅದೇ ಅಂದಾಜಿನಲ್ಲಿ ಈ ದೀಪದಿಂದ 75 ಮೈಕ್ರೋಮೋಲ್ ಹೊರಡುತ್ತದೆ. ಎರಡು ಹಾಕಿದರೆ 150. ಬೇಕಾದ 160ಕ್ಕೆ ಹತ್ತಿರವೇ ಬಂತಲ್ಲ!

ಅಂದರೆ ಸಸಿ ಅಟ್ಟಣೆಗೆ "ಗ್ರೋ ಲೈಟ್" ಅನ್ನುವ ಹೆಸರಿನ ಯಾವುದೂ ಬೇಕಾಗಲೇ ಇಲ್ಲ. ಎರಡು ಶಾಪ್‌ಲೈಟ್ ಸಾಕಾಯಿತು. ಹೆಸರಿಗೆ ಹಸಿರು ಎಲೆಯ ಚಿತ್ರ ಸೇರಿದ ಕೂಡಲೇ ಬೆಲೆ ಎರಡು ಪಟ್ಟಾಗುವ ಅದೇ ದೀಪವನ್ನು ಯಾಕೆ ತಗೊಳ್ಳಬೇಕು?

ಕೆಳಗಿನ ಅಟ್ಟಣೆಯ ಕಾಯಿ ಬಿಡುವ ಗಿಡಕ್ಕೆ ಮಾತ್ರ ನಿಜವಾದ ಬೋರ್ಡು ತಗೊಂಡೆ. ಗೋಡೆಯಿಂದ 100 ವ್ಯಾಟ್ ಎಳೆಯುವ, ಬೆಳಕು ಕಮ್ಮಿ ಜಾಸ್ತಿ ಮಾಡುವ ಗುಂಡಿ ಇರುವ ಬಿಳಿ ಬೋರ್ಡು. ಎರಡಡಿ ಚೌಕದಲ್ಲಿ ನಿಲ್ಲುವ ಎರಡು ಮೂರು ಕುಂಡಕ್ಕೆ 400 ಮೈಕ್ರೋಮೋಲ್ ಆರಾಮವಾಗಿ ಕೊಡುತ್ತದೆ. ಗುಂಡಿ ಇರುವುದನ್ನೇ ತಗೊಳ್ಳಿ. ಗಿಡ ಸಣ್ಣದಿದ್ದಾಗ ಅರ್ಧಕ್ಕಿಳಿಸಬಹುದು, ದೀಪವನ್ನು ಮೇಲೆ ಕೆಳಗೆ ಎಳೆದಾಡುವ ಕೆಲಸ ಕಡಿಮೆಯಾಗುತ್ತದೆ. ನೀರು ಚೆಲ್ಲುವ ಜಾಗ ಆದ್ದರಿಂದ ಯುಎಲ್ ಅನ್ನುವ ವಿದ್ಯುತ್ ಸುರಕ್ಷತೆಯ ಗುರುತು ಇಲ್ಲದ ದೀಪವನ್ನು ಮನೆಯೊಳಗೆ ತರಲಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಜಿಪುಣತನ ಬೇಡ.

ದೀಪ ತೂಗಿಹಾಕಿದ ಮೇಲೆ ಮತ್ತೆ ಲಕ್ಸ್ ಮೀಟರ್. ಗಿಡಗಳಿಗೆಂದೇ ಇರುವ ಕ್ವಾಂಟಮ್ ಮೀಟರುಗಳು ದೀಪಕ್ಕಿಂತ ದುಬಾರಿ. ಲಕ್ಸನ್ನು 67ರಿಂದ ಭಾಗಿಸಿದರೆ ನಮ್ಮ ಕೆಲಸಕ್ಕೆ ಆಗುತ್ತದೆ. ಬಿಳಿ ಎಲ್‌ಇಡಿಗೆ ಮಾತ್ರ ಅನ್ನುವುದು ನೆನಪಿರಲಿ, ಸೂರ್ಯನ ಬೆಳಕಿಗೆ 54ರಿಂದ ಭಾಗಿಸಬೇಕು, ನೇರಳೆ ದೀಪಕ್ಕೆ ಈ ಲೆಕ್ಕವೇ ಹೊಂದುವುದಿಲ್ಲ. ಸಸಿಯ ತುದಿ ಬರುವ ಎತ್ತರಕ್ಕೆ ಒಂದು ರಟ್ಟು ಹಾಸಿ, ಮೇಲೆ ಪೆನ್ಸಿಲ್ಲಿನಲ್ಲಿ ಚೌಕ ಹಾಕಿ, ಒಂದೊಂದು ಚೌಕದಲ್ಲೂ ಮೀಟರಿನ ಬಿಳಿ ಗುಂಡನ್ನು ಇಟ್ಟು ಬರೆದುಕೊಂಡೆ. ದೀಪ ಹದಿನೈದು ಸೆಂಟಿಮೀಟರ್ ಮೇಲಿದ್ದಾಗ ನಡುವೆ ಹದಿನಾರು ಸಾವಿರ ಚಿಲ್ಲರೆ. ಮೂಲೆಯಲ್ಲಿ ಎಂಟು ಸಾವಿರ. ಒಂದೇ ಟ್ರೇ, ಒಂದೇ ಮಣ್ಣು, ಒಂದೇ ದಿನ ಹಾಕಿದ ಬೀಜ. ಆದರೆ ನಡುವಿನ ಸಸಿಗೆ ಮೂಲೆಯದರ ಎರಡು ಪಟ್ಟು ಊಟ.

ಬದಿಗಳಿಗೆ ಬಿಳಿ ಫೋಮ್ ಹಲಗೆ ನಿಲ್ಲಿಸಿದೆ. ಶಾಲೆಯ ಮಕ್ಕಳು ಪ್ರಾಜೆಕ್ಟಿಗೆ ತರುತ್ತಾರಲ್ಲ, ಅದೇ. ಮೂಲೆ ಎಂಟರಿಂದ ಹನ್ನೊಂದು ಸಾವಿರಕ್ಕೆ ಏರಿತು. ಒಂದು ವ್ಯಾಟ್ ಕೂಡ ಹೆಚ್ಚಿಸದೆ ಬಂದ ಲಾಭ ಇದು. ಆಮೇಲೆ ನೀರು ಹಾಕುವಾಗಲೆಲ್ಲ ಟ್ರೇ ತಿರುಗಿಸಿಡುವ ಅಭ್ಯಾಸ ಮಾಡಿಕೊಂಡೆ.

ಸಮಯಕ್ಕೆ ಟೈಮರ್. ಬೆಳಗ್ಗೆ ಆರಕ್ಕೆ ಹತ್ತಿ ರಾತ್ರಿ ಹತ್ತಕ್ಕೆ ಆರುತ್ತದೆ. ಮೆಣಸಿನ ಗಿಡ ಹೂ ಬಿಡೋಕೆ ಹಗಲಿನ ಉದ್ದ ನೋಡುವುದಿಲ್ಲ. ಹಾಗಂತ 24 ಗಂಟೆಯೂ ಉರಿಸುವಂತಿಲ್ಲ. ಹಸಿರುಮನೆಗಳಲ್ಲಿ ದಪ್ಪಮೆಣಸಿನಕಾಯಿಗೆ ಬಿಡುವಿಲ್ಲದೆ ಬೆಳಕು ಕೊಟ್ಟು ನೋಡಿದಾಗ ಎಲೆ ಮುರುಟಿ ಇಳುವರಿ ಇಳಿದಿದ್ದನ್ನು ಕಂಡಿದ್ದಾರೆ. ಕತ್ತಲೂ ಬೇಕು. ರಾತ್ರಿ ಒಂಬತ್ತರ ಹೊತ್ತಿಗೆ ಹೋಗಿ ನೋಡಿದರೆ ದೀಪ ಇನ್ನೂ ಉರಿಯುತ್ತಿರುವಾಗಲೇ ಎಲೆಗಳು ಕೆಳಗೆ ಬಾಗಿರುತ್ತವೆ. ನೀರು ಸಾಲದು ಅಂತ ಗಾಬರಿಯಾಗಿ ಸುರಿಯಬೇಡಿ. ಅವಕ್ಕೆ ದಿನ ಮುಗಿದಿದೆ, ಅಷ್ಟೇ. ಬೆಳಗ್ಗೆ ದೀಪ ಹತ್ತುವ ಮೊದಲೇ ಮತ್ತೆ ಎದ್ದಿರುತ್ತವೆ.

ಬೀಜಕ್ಕೆ ಬೆಳಕಿಗಿಂತ ಬಿಸಿ ಮುಖ್ಯ. ಬೇಸ್‌ಮೆಂಟ್ 18 ಡಿಗ್ರಿ, ಹಾಗಾಗಿ ಟ್ರೇ ಕೆಳಗೆ ಹೀಟ್ ಮ್ಯಾಟ್. ಬ್ಯಾಡಗಿ ಒಂದು ವಾರ ಕಳೆದ ಮೇಲೆ ಎದ್ದಿತು. ಜೊಲೊಕಿಯಾ ಬೀಜ ಕೊಳೆತಿರಬೇಕು ಅಂತ ನಾನು ಮಣ್ಣು ಕೆದಕೋಕೆ ಕೈ ಹಾಕುವಷ್ಟು ಕಾಯಿಸಿ ಆಮೇಲೆ ತಲೆ ಎತ್ತಿತು. ಮೊಳಕೆ ಕಂಡ ದಿನವೇ ದೀಪದ ಕೆಳಗೆ ತಂದಿಡಬೇಕು. ತಡವಾದರೆ ಬೆಳಕು ಹುಡುಕಿಕೊಂಡು ದಾರದಂತೆ ಉದ್ದವಾಗಿ ಬಿದ್ದುಹೋಗುತ್ತವೆ.

ಬೆಳಕು ಸರಿಯಾಗಿದೆಯಾ ಅಂತ ಮೀಟರಿಗಿಂತ ಗಿಡವೇ ಚೆನ್ನಾಗಿ ಹೇಳುತ್ತದೆ. ಒಂದು ಗೆಣ್ಣಿನಿಂದ ಇನ್ನೊಂದು ಗೆಣ್ಣಿಗೆ ದೂರ ಜಾಸ್ತಿಯಾಗಿ, ಎಲೆ ಅಗಲವಾಗಿ ತೆಳ್ಳಗಾದರೆ ಬೆಳಕು ಕಡಿಮೆ. ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಾದರೆ, ತುದಿ ಎಲೆ ಬಿಳಿಚಿದರೆ ಬೆಳಕು ಜಾಸ್ತಿ, ದೀಪ ಎತ್ತಬೇಕು. ಗೆಣ್ಣಿನ ಹತ್ತಿರ ಕಾಂಡ ನೇರಳೆಯಾದರೆ ಹೆದರಬೇಕಿಲ್ಲ, ಗಟ್ಟಿ ಬೆಳಕಿನಲ್ಲಿ ಎಷ್ಟೋ ತಳಿಗಳು ಹಾಗೆಯೇ. ಹಬನೇರೋ ಎಲೆಯ ಹಿಂಬದಿಯಲ್ಲಿ ಸಣ್ಣ ಬಿಳಿ ಗುಳ್ಳೆಗಳು ಎದ್ದವು. ಅದು ರೋಗವಲ್ಲ. ಬೇರು ಎಳೆದಷ್ಟು ನೀರನ್ನು ಎಲೆ ಹೊರಗೆ ಹಾಕಲಾಗದೆ ಜೀವಕೋಶ ಉಬ್ಬುವುದು. ಒಳಗಿನ ದೀಪದಲ್ಲಿ ಯುವಿ, ಅಂದರೆ ಅತಿನೇರಳೆ ಕಿರಣ, ಇಲ್ಲದಿರುವುದೂ ಇದಕ್ಕೆ ಒಂದು ಕಾರಣ ಅನ್ನುತ್ತಾರೆ. ನೀರು ಕಡಿಮೆ ಮಾಡಿ ಸಣ್ಣ ಫ್ಯಾನ್ ಹಚ್ಚಿದ ಮೇಲೆ ಬಂದ ಹೊಸ ಎಲೆಗಳು ಚೊಕ್ಕವಾಗಿದ್ದವು. ಫ್ಯಾನಿನಿಂದ ಕಾಂಡವೂ ದಪ್ಪಗಾಗುತ್ತದೆ.

ಹೇನು ಬಂದೇ ಬಂತು. ಒಳಗೆ ಮಳೆಯಿಲ್ಲ, ಹೇನು ತಿನ್ನುವ ಗುಲಗಂಜಿ ಹುಳವಿಲ್ಲ, ಅವಕ್ಕೆ ಹಬ್ಬ. ಬಿಳಿ ಬೆಳಕಾದ್ದರಿಂದ ಕುಡಿಯಲ್ಲಿ ನಾಲ್ಕೈದು ಇದ್ದಾಗಲೇ ಕಣ್ಣಿಗೆ ಬಿದ್ದವು. ಸೋಪಿನ ನೀರಿನಲ್ಲಿ ತಲೆಕೆಳಗಾಗಿ ಅದ್ದಿ ತೊಳೆದೆ, ಕೆಲವು ದಿನ ಬಿಟ್ಟು ಇನ್ನೊಮ್ಮೆ.

ಬೋರ್ಡಿನ ಕೆಳಗಿನ ಗಿಡಗಳದ್ದು ಬೇರೆ ಕಥೆ. ಹೂ ಬಂದಾಗ ಒಳಗೆ ಗಾಳಿಯೂ ಇಲ್ಲ, ಜೇನೂ ಇಲ್ಲ. ಮೆಣಸಿನ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಅಂಗ ಇರುವುದರಿಂದ ಅಲ್ಲಾಡಿಸಿದರೆ ಸಾಕು. ಹಳೆಯ ಎಲೆಕ್ಟ್ರಿಕ್ ಟೂತ್‌ಬ್ರಷ್ಷಿನ ಹಿಂಬದಿಯನ್ನು ಹೂವಿನ ತೊಟ್ಟಿಗೆ ಮುಟ್ಟಿಸಿದೆ. ಹಳದಿ ಪುಡಿ ಉದುರುವುದು ಕಣ್ಣಿಗೇ ಕಾಣುತ್ತದೆ. ಹಗಲು 32 ಡಿಗ್ರಿ ದಾಟಿದರೆ, ರಾತ್ರಿ 15ಕ್ಕಿಂತ ಇಳಿದರೆ ಹೂ ಉದುರುತ್ತದೆ. ಬೇಸ್‌ಮೆಂಟಿನಲ್ಲಿ ಆ ತೊಂದರೆ ಬರಲಿಲ್ಲ, ಬೋರ್ಡಿನ ಕಾವೇ ಸುತ್ತಲ ಗಾಳಿಯನ್ನು ಒಂದೆರಡು ಡಿಗ್ರಿ ಏರಿಸುತ್ತಿತ್ತು. ಆದರೂ ನಿಜ ಹೇಳಬೇಕು ಅಂದರೆ, ಒಳಗೆ ಕಾಯಿ ಬಿಡಿಸುವುದು ಲೆಕ್ಕದಲ್ಲಿ ಗಿಟ್ಟುವ ವ್ಯವಹಾರ ಅಲ್ಲ. ಬೋರ್ಡು ದಿನಕ್ಕೆ 16 ಗಂಟೆ ಉರಿದರೆ 1.6 ಯೂನಿಟ್, ತಿಂಗಳಿಗೆ 48. ನಮ್ಮಲ್ಲಿ ಯೂನಿಟ್ಟಿಗೆ ಸುಮಾರು 16 ಸೆಂಟ್, ಅಂದರೆ ಏಳೂವರೆ ಡಾಲರ್ ಮೇಲೆ. ಆ ದುಡ್ಡಿಗೆ ಅಂಗಡಿಯಲ್ಲಿ ಚೀಲ ತುಂಬ ಹಸಿಮೆಣಸಿನಕಾಯಿ ಬರುತ್ತದೆ. ಶಾಪ್‌ಲೈಟುಗಳ ಅಟ್ಟಣೆ ತಿಂಗಳಿಗೆ ಆರು ಡಾಲರ್. ಅದು ಗಿಟ್ಟುತ್ತದೆ, ಯಾಕೆಂದರೆ ಒಂದು ಟ್ರೇ ಸಸಿ ಕಾಪಾಡುತ್ತದೆ, ಅದೂ ನರ್ಸರಿಯಲ್ಲಿ ಸಿಗದ ತಳಿ.

ಮೇ ಬಂದಾಗ ಇನ್ನೊಂದು ಎಚ್ಚರಿಕೆ ಬೇಕು. 200 ಮೈಕ್ರೋಮೋಲಿನಲ್ಲಿ ಬೆಳೆದ ಎಲೆಯನ್ನು ಏಕ್‌ದಂ 2000ದ ಬಿಸಿಲಿಗೆ ಇಟ್ಟರೆ ಒಂದೇ ಮಧ್ಯಾಹ್ನದಲ್ಲಿ ಬಿಳಿ ಕಾಗದದಂತೆ ಸುಟ್ಟುಹೋಗುತ್ತದೆ. ಯುವಿ ಅದು ಕಂಡೇ ಇಲ್ಲ. ಮೊದಲ ದಿನ ನೆರಳಿನಲ್ಲಿ ಒಂದು ಗಂಟೆ, ಆಮೇಲೆ ಬೆಳಗಿನ ಎಳೆಬಿಸಿಲು, ಹೀಗೆ ಒಂದು ವಾರ ಹತ್ತು ದಿನ ಟ್ರೇ ಹೊತ್ತು ಒಳಗೆ ಹೊರಗೆ ಓಡಾಡಿದೆ. ಮೋಡದ ದಿನ ಸಿಕ್ಕರೆ ಅದೇ ಅದೃಷ್ಟ. ಸೊಂಟ ನೋಯುತ್ತದೆ, ಬೇರೆ ದಾರಿ ಇಲ್ಲ.

ಈ ಸಲ ಅಕ್ಟೋಬರಿಗೆ ಒಂದು ಬ್ಯಾಡಗಿ, ಒಂದು ಹಬನೇರೋ ಗಿಡವನ್ನು ಒಂದಡಿಗೆ ಕತ್ತರಿಸಿ, ಬೇರಿನ ಮಣ್ಣು ತೊಳೆದು, ಹೊಸ ಮಣ್ಣಿನ ಸಣ್ಣ ಕುಂಡಕ್ಕೆ ಹಾಕಿ ಒಳಗೆ ತರುವವನಿದ್ದೇನೆ. ಮೆಣಸು ನಿಜವಾಗಿ ಬಹುವಾರ್ಷಿಕ ಗಿಡ, ಹಿಮದಿಂದ ಕಾಪಾಡಿದರೆ ಮುಂದಿನ ವರ್ಷ ಬೇಗ ಕಾಯಿ ಬಿಡುತ್ತದೆ. ಚಳಿಗಾಲ ಕಳೆಯೋಕೆ ಅವಕ್ಕೆ ಬೋರ್ಡಿನ 400 ಬೇಡ. ಶಾಪ್‌ಲೈಟಿನ ಒಂದು ಮೂಲೆ, ದಿನಕ್ಕೆ ಹತ್ತು ಗಂಟೆ, ವಾರಕ್ಕೊಮ್ಮೆ ಸ್ವಲ್ಪ ನೀರು ಸಾಕು. ಬೋರ್ಡನ್ನು ಜನವರಿಯ ಜೊಲೊಕಿಯಾ ಸಸಿಗಳಿಗೆ ಅರ್ಧ ಗುಂಡಿಯಲ್ಲಿ ಇಡುತ್ತೇನೆ. ಎರಡನೇ ಬೋರ್ಡು ಕೊಳ್ಳುವ ಯೋಚನೆ ಸದ್ಯಕ್ಕಿಲ್ಲ. ಇನ್ನೊಂದು ಜೊತೆ ಶಾಪ್‌ಲೈಟ್ ಮಾತ್ರ ಬರೆದಿಟ್ಟುಕೊಂಡಿದ್ದೇನೆ. ಮೇಲಿನ ಅಟ್ಟಣೆ ಇನ್ನೂ ಖಾಲಿ ಇದೆ.